ಶಿವಲಿಂಗಮ್ಮನ ಗದ್ದಿಗಿ ಮ್ಯಾಲ ಕೂಗಿದ ಮಷೀನು

ಏಪ್ರಿಲ್ 7, ಸೋಮವಾರ

ಪಂಪ್‌ಹೌಸಿನಾಗ ಫಸ್ಟ್ ಶಿಫ್ಟ್. ಪ್ರೆಶರ್ ಮತ್ತ ಇಳದೈತಿ. ಹಿನ್ನೀರಿನಿಂದ ಎತ್ತಿ ನಾವು ಕಳಸೋ ನೀರು ಬ್ಯಾರೆ, ಫ್ಯಾಕ್ಟರಿಗೆ ಮುಟ್ಟೋ ನೀರು ಬ್ಯಾರೆ. ನಡುವ ಎಲ್ಲೋ ಪೈಪ್ ಸೋರಲಿಕತ್ತೈತಿ. ಎಲ್ಲಿ? ಲೈನ್ ಗುಂಟ ನಡದು ನೋಡಿ ಬಂದೆ. ಎಲ್ಲೂ ಹಸಿ ಇಲ್ಲ, ಒಂದು ಕಡ್ಡಿ ಹುಲ್ಲು ಸುದ್ದಾ ಹಸರಾಗಿಲ್ಲ. ಸೋರಿದ ನೀರು ಮ್ಯಾಲ ಬರಬೇಕಲ್ಲ… ಬರವಲ್ದು. ಕೆಳಗ ಉಸುಕಿನ ಪದರ ಐತಿ, ಅದರಾಗ ಇಳದು ಹೊಂಟಿರಬೇಕು ಅಂದರು ಇಂಜಿನಿಯರ್ ಪ್ರವೀಣಕುಮಾರ. ನನ್ನ ಮಗಳ ವಾರಿಗಿ ಹುಡುಗ. ಆದರ "ಮುದಿಯಪ್ಪನವರ" ಅಂತ ಬಹುವಚನ ಕೊಟ್ಟು ಮಾತಾಡ್ತಾರ.

ಬಿ.ಪಿ. ಗುಳಿಗಿ ತೀರ್ಯಾವು. ಭಾಗ್ಯನಗರಕ್ಕ ಹೋದಾಗ ತರಬೇಕು ಅಂತ ದಿನಾ ಅನಕೊಳ್ಳೋದು, ದಿನಾ ಮರಿಯೋದು. ಶಿವಲಿಂಗಮ್ಮ ಇದ್ದಾಗ ಮನಿಯಾಗ ಗುಳಿಗಿ ತೀರತಿದ್ದೇ ಇಲ್ಲ. ಹೆಂಗ ತೀರತಿದ್ದಿಲ್ಲ ಅಂತ ಎರಡು ವರ್ಷದಿಂದ ವಿಚಾರ ಮಾಡಿ ಈಗ ತಿಳೀತು — ತೀರೋಕಿಂತ ಮೊದಲ ತರತಿದ್ದಳು. ವೆರಿ ಸಿಂಪಲ್.

ರಾತ್ರಿಗೆ ರೊಟ್ಟಿ, ಮಡಕಿಕಾಳ ಪಲ್ಯ. ಉಪ್ಪು ಹೆಚ್ಚಾತು.

ಏಪ್ರಿಲ್ 9, ಬುಧವಾರ

ಲೀಕ್ ಹಿಡಿಯೋನು ಬಂದ. ಮುಜೀಬ ಅಂತ, ಗಂಗಾವತಿಯವ. ನಲವತ್ತರ ಆಸುಪಾಸು. ದೊಡ್ಡ ದೊಡ್ಡ ಯಂತ್ರ ಬರತಾವ ಅಂತ ತಿಳಕೊಂಡಿದ್ದೆ. ಬಂದದ್ದು ಒಂದಿಷ್ಟು ಸಿಲಿಂಡರು, ಒಂದು ಪೆಟ್ಟಿಗಿ. ಪೆಟ್ಟಿಗಿಯೊಳಗ ಒಂದು ಕೋಲು, ಕೋಲಿನ ತುದಿಗೆ ಕರೀ ರಬ್ಬರಿನ ಗಂಟಿ. ಪೂಜಿ ಗಂಟಿಯಷ್ಟ ಗಾತ್ರ, ನಾಲಿಗಿ ಮಾತ್ರ ಇಲ್ಲ. ಅದರಾಗ ಮೂಗು ಐತೆಂತ.

ನಮ್ಮ ಕಡೀದು, ಫ್ಯಾಕ್ಟರಿ ಕಡೀದು, ಎರಡೂ ವಾಲ್ವ್ ಬಂದ್ ಮಾಡಿದಿವಿ. ಪೈಪಿನ ನೀರೆಲ್ಲಾ ಹೊರಗ ಬಿಟ್ಟು, ಆ ಜಾಗಕ್ಕ ಗ್ಯಾಸ್ ತುಂಬಿದ.

"ಯಾವ ಗ್ಯಾಸಪಾ?"

"ಹೈಡ್ರೋಜನ್ ರೀ ಕಾಕಾರ."

ಎರಡು ಹೆಜ್ಜಿ ಹಿಂದ ಸರದೆ. ಕೊಪ್ಪಳ ಕಾಲೇಜಿನಾಗ ಪಿ.ಯು. ಸೈನ್ಸ್ ಓದಿದಾಂವ ನಾನು. ಹೈಡ್ರೋಜನ್ ಈಸ್ ಎ ಕಲರ್‌ಲೆಸ್, ಓಡರ್‌ಲೆಸ್ ಗ್ಯಾಸ್. ಇಟ್ ಬರ್ನ್ಸ್ ವಿತ್ ಎ ಪಾಪ್ ಸೌಂಡ್. ಇಷ್ಟು ನೆನಪೈತಿ. ಮುಂದಿಂದೂ ನೆನಪಿದ್ದರ ಪಾಸ್ ಆಗತಿದ್ದೆ.

"ಪಾಪ್ ಅಂತ ಹತ್ತಿಕೊಂಡರ?"

"ಹತ್ತೂದಿಲ್ರೀ. ನೂರಕ್ಕ ಐದು ಪಾಲು ಅಷ್ಟ ಹೈಡ್ರೋಜನ್, ಉಳಿದದ್ದೆಲ್ಲಾ ನೈಟ್ರೋಜನ್. ಆದರೂ ನೀವು ಬೀಡಿ ಸೇದಬ್ಯಾಡ್ರಿ, ನನಗ ಚಟ ಬಿಡಸ್ಯಾಳ ಮನಿಯಾಕಿ, ನೋಡಿದರ ಆಶಾ ಆಕ್ಕೈತಿ."

ನೀರು ಕೆಳಗ ಇಳೀತೈತಿ, ಈ ಗ್ಯಾಸು ಮ್ಯಾಲ ಏರತೈತಿ. ಎಲ್ಲಿ ತೂತು ಐತೋ ಅಲ್ಲಿಂದ ಹೊರಬಿದ್ದು, ಮಣ್ಣಿನ ಸಂದ್ಯಾಗ ಹಾಯ್ದು ನೆಲದ ಮ್ಯಾಲ ಬರತೈತಿ. ಗಂಟಿ ಅದರ ವಾಸನಿ ಹಿಡದು ಕೂಗತೈತಿ. ವಾಸನಿ ಇಲ್ಲದ್ದರ ವಾಸನಿ! ಓಡರ್‌ಲೆಸ್ ಅಂತ ಅವರ ಬರದಾರ, ಅವರ ಮೂಗ ಹಚ್ಚತಾರ.

"ಹೆಂಗ ಕೂಗತೈತಿ ತೋರಸು" ಅಂದೆ. ಗಂಟಿ ನನ್ನ ಬಾಯಿ ಮುಂದ ಹಿಡದ. "ಉಸುರು ಬಿಡ್ರಿ." ಬಿಟ್ಟೆ. ಕುಂಯ್ ಅಂತು! ಹೌಹಾರಿದೆ.

"ಮುಂಜಾನಿ ಏನ್ ತಿಂದೀರಿ ಕಾಕಾರ?"

"ನಿನ್ನಿ ಮಡಕಿಕಾಳ ಪಲ್ಯ."

"ನಿಮ್ಮ ಲೈನೂ ಲೀಕ್ ಐತ್ರಿ ಹಂಗಾರ" ಅಂತ ನಕ್ಕ. ಕಾಳು ತಿಂದೋರ ಹೊಟ್ಟಿಯಾಗೂ ಈ ಗ್ಯಾಸು ಹುಟ್ಟತೈತೆಂತ. ಇದನ್ನ ಯಾವ ಲೆಕ್ಚರರೂ ಹೇಳಿದ್ದಿಲ್ಲ. ಪಂಪ್‌ಹೌಸಿನ ಮಂದಿಯೆಲ್ಲಾ ಬಂದು ಒಬ್ಬೊಬ್ಬರ ಊದಿ ನೋಡಿದರು.

ಏಪ್ರಿಲ್ 10, ಗುರುವಾರ. ಮಧ್ಯಾಹ್ನ 3

ಅಕ್ಷರ ಸೊಟ್ಟ. ಇರಲಿ, ಓದೋರ್ಯಾರು.

ಮುಂಜಾನಿಂದ ಮುಜೀಬ ಲೈನ್ ಗುಂಟ ಕೋಲು ಊರಿಕೋತ ನಡದ. ಹಿಂದಿಂದ ನಾನು. ಎಲ್ಲಾ ಕಡೆ ಸುಮ್ಮನ. ನಮ್ಮ ಹೊಲಕ್ಕ ಕಾಲಿಟ್ಟ ಮ್ಯಾಲ ಕುಂಯ್ ಅಂತು. ಬನ್ನಿ ಗಿಡದ ಕಡೆ ಸರದಂಗ ಸರದಂಗ ಜೋರಾತು. ಎಲ್ಲಿ ನಿಂತು ಒಂದೇ ಸಮ ಒದರಿತು ಅಂದರ — ಶಿವಲಿಂಗಮ್ಮನ ಗದ್ದಿಗಿ ಮ್ಯಾಲ.

ಮುಜೀಬಗ ಏನ ಗೊತ್ತು. "ಸಿಕ್ತ್ರಿ ಕಾಕಾರ!" ಅಂತ ಗುರುತು ಹಾಕಾಕ ಸುಣ್ಣದ ಡಬ್ಬಿ ತಗದ. ಆಮ್ಯಾಲ ಕಲ್ಲು ನೋಡಿದ. ಕಲ್ಲಿನ ಮ್ಯಾಲಿನ ವಿಭೂತಿ ನೋಡಿದ. ನನ್ನ ಮಾರಿ ನೋಡಿದ.

"ನಮ್ಮಾಕಿ" ಅಂದೆ.

ಚಪ್ಪಲಿ ಬಿಟ್ಟು ಹಿಂದಕ್ಕ ಸರದ. "ಮಾಫ್ ಮಾಡ್ರಿ" ಅಂದ. ಮಷೀನು ಬಂದ್ ಮಾಡೋದು ಮರತ. ಅದು ಒದರಕೋತ ಇತ್ತು.

ಈ ಹೊಲದ್ದು ದೊಡ್ಡ ಗೋಜಲು. ಅರ್ಧ ಫ್ಯಾಕ್ಟರಿಗೆ ಹೋತು, ಅದರ ಬದಲಿ ನನಗ ಈ ನೌಕರಿ ಬಂತು. ಉಳಿದ ಪಟ್ಟಿ ನಮ್ಮದು, ಅದರ ಕೆಳಗಿನ ಪೈಪ್ ಅವರದು. ಪೈಪ್ ಹೋದಲ್ಲಿ ಗುರುತಿನ ಕಲ್ಲು ಹುಗದಿದ್ದರು, ರಂಟಿ ಹೊಡಿಯೋ ಹೊತ್ತಿನ್ಯಾಗ ಎದ್ದು ಹೋದವು. ಆಕೀನ್ನ ಮಣ್ಣು ಮಾಡುವಾಗ ಪೈಪ್ ಬದುವಿನ ಆ ಕಡೆ ಐತಿ ಅಂತ ಎಲ್ಲಾರೂ ಅಂದರು. ನಾನೂ ಅಂದೆ. ಈಗ ಪ್ರವೀಣಕುಮಾರ ಸಾಹೇಬರ ಡ್ರಾಯಿಂಗ್ ನೋಡಿದರ ಪೈಪ್ ಗದ್ದಿಗಿ ಮಗ್ಗಲಾಗ ಹಾಯ್ತೈತಿ. ಆನ್ ಪೇಪರ್ ಇಟ್ ಈಸ್ ಸ್ಟ್ರೇಟ್. ನೆಲದಾಗ ಸ್ಟ್ರೇಟ್ ಐತೋ ಇಲ್ಲೋ ಯಾರಿಗೊತ್ತು.

ಸಾಹೇಬರು ಬಂದು ಭಾಳೊತ್ತು ನಿಂತರು. ಮ್ಯಾನೇಜರ್ ಫೋನು ಮ್ಯಾಲ ಫೋನು. ನಾಳೆನ ಅಗೀರಿ ಅಂತ. ಸಾಹೇಬರು ದೂರ ಹೋಗಿ ಮಾತಾಡಿ ಬಂದರು.

"ಮುದಿಯಪ್ಪನವರ, ನಮ್ಮ ಅಮ್ಮನೂ ಹೊಲದಾಗ ಅದಾಳ. ನನಗ ತಿಳೀತೈತಿ. ಆದರ ಫ್ಯಾಕ್ಟರಿಗೆ ಹಳೇ ಲೈನಿನ ನೀರು ಸೋಮವಾರದ ತನಕ ಅಷ್ಟ ಸಾಕಾಕ್ಕೈತಿ. ಅಷ್ಟರೊಳಗ ಬ್ಯಾರೆ ಏನಾರ ಗೊತ್ತಾದರ ಸರಿ. ಇಲ್ಲಂದರ ಇಲ್ಲೇ ಅಗೀಬೇಕು, ನನ್ನ ಕೈಯಾಗ ಇರೂದಿಲ್ಲ."

ಹೂಂ ಅಂದೆ. ಯಾಕ ಹೂಂ ಅಂದೆ? ಉಹೂಂ ಅನಬೇಕಾಗಿತ್ತು.

ಅದೇ ದಿನ, ಸಂಜಿ

ಕುಷ್ಟಗಿಗೆ ಮಗಳಿಗೆ ಫೋನ್ ಹಚ್ಚಿದೆ. ಮಹೇಶ್ವರಿ "ಅಪ್ಪಾ, ಅವ್ವನ್ನ ಮುಟ್ಟಗೊಡಬ್ಯಾಡ" ಅಂದಳು.

"ಹೂಂ."

"ಬರೇ ಹೂಂ ಅನಬ್ಯಾಡ. ಅವರಿಗೂ ಹಿಂಗ ಹೂಂ ಅಂದಿಯೇನು?"

ತಾಯಿ ಗತಿನ. ಫೋನಿನಾಗೂ ಹಿಡೀತಾಳ.

ಏಪ್ರಿಲ್ 11, ಶುಕ್ರವಾರ

ಪಕೀರಪ್ಪ ಬಂದಿದ್ದ. ಶಿವಲಿಂಗಮ್ಮನ ತಮ್ಮ. ಜೆಸಿಬಿ ಅವಂದು, ಫ್ಯಾಕ್ಟರಿ ಕೆಲಸಕ್ಕ ಬಾಡಿಗಿ ಹೊಡೀತಾನ. ಅಂದರ ಸೋಮವಾರ ಅಗಿಯಾಕ ಬರೋದೂ ಅವನ ಗಾಡಿನ.

ಚಾ ಕುಡಿಯಲಿಲ್ಲ. ಬಸಿ ಹಿಡಕೊಂಡು ಕುಂತ.

"ಮಾಮಾ, ಒಂದು ಮಾತು. ಆವತ್ತ ಅಕ್ಕನ ಕುಣಿ ತಗಿಯುವಾಗ ಬಕೆಟ್ಟಿಗೆ ಏನೋ ಬಡದಿತ್ತು. ಟಣ್ ಅಂದಿತ್ತು."

"ಟಣ್?"

"ಟಣ್. ಕಲ್ಲು ಅಂತ ಬಿಟ್ಟೆ."

"ಇಷ್ಟು ದಿನ ಹೇಳಲಿಲ್ಲಲ್ಲೋ ಮಾರಾಯ!"

"ಅಕ್ಕನ್ನ ಮಣ್ಣಾಗ ಇಡೋ ಹೊತ್ತಿನ್ಯಾಗ ಕಲ್ಲಿನ ಸುದ್ದಿ ಹೇಳ್ತಾರೇನು?"

ಅದೂ ಖರೆ.

ನಮ್ಮಲ್ಲಿ ಕುಣಿ ಕೈಲೆ ತಗೀತಾರ. ಸಲಿಕಿ, ಗುದ್ದಲಿ, ಓಣಿ ಮಂದಿ. ಆ ಸಲ ಬ್ಯಾಸಗಿ, ನೆಲ ಕಲ್ಲಾಗಿತ್ತು. ಒಂದು ಮೊಳ ಕೆಳಗ ಗರಸು, ಗುದ್ದಲಿ ಹೊಡದರ ಕಿಡಿ ಹಾರತಿತ್ತು. ಗಟ್ಟಿ ಆಳುಗಳೆಲ್ಲಾ ಗಂಗಾವತಿ ಕಡೆ ಭತ್ತದ ಸುಗ್ಗಿಗೆ ಹೋಗಿದ್ದರು. ಹೊತ್ತು ಇಳಿಯಾಕ ಹತ್ತಿತ್ತು. ಪಕೀರಪ್ಪ ಅಳಕೋತ ಹೋಗಿ ಗಾಡಿ ತಂದ. ಹಿರ್ಯಾರು ಗೊಣಗಿದರು, ಯಂತ್ರದ ಕುಣಿ ಏನ ಛಂದ ಅಂತ. ಕುಣಿ ಬೇಕಾದ್ದಕ್ಕಿಂತ ದೊಡ್ಡದಾತು, ಆಳನೂ ಆತು. ಆಕಿ ಸಣ್ಣ ಆಳು. ಒಳಗ ಕುಂಡ್ರಿಸಿ, ಉಪ್ಪು ವಿಭೂತಿ ಹಾಕಿ, ಎಲ್ಲಾರೂ ಹಿಡಿ ಹಿಡಿ ಮಣ್ಣು ಕೊಟ್ಟಿವಿ. ಎಷ್ಟು ಹಾಕಿದರೂ ತುಂಬವಲ್ದು. ಆಮ್ಯಾಲ ಬಕೆಟ್ಟಿಲೆ ನೂಕಿದ.

ಹಂಗಾರ ಪೈಪಿಗೆ ಬಡದದ್ದೇನು ಆವತ್ತ? ಎರಡು ವರ್ಷ ಆಕಿ ಕಾಲಡಿ ಸೋರಿತೇನು?

ಹೋಗುವಾಗ ಪಕೀರಪ್ಪ ಅಂದ: "ಅಗಿಯೋದು ಬಂದರ ನಾನ ಅಗೀತೀನಿ ಮಾಮಾ. ಬ್ಯಾರೆಯವರ ಬಕೆಟ್ ಅಕ್ಕನ ಮ್ಯಾಲ ಇಳಿಯೋದು ಬ್ಯಾಡ." ಬಾಗಲ ದಾಟಿ ಅತ್ತ. ನಾನು ಚಾದ ಬಸಿ ತೊಳದಿಟ್ಟೆ.

ಅದೇ ದಿನ, ಸಂಜಿ

ಮುಜೀಬನ್ನ ಕರಕೊಂಡು ತಿಪ್ಪಿ ಹತ್ರ ಹೋದೆ. "ಇದರ ಮ್ಯಾಲ ಹಿಡಿಯಪಾ."

"ತಿಪ್ಪಿ ಮ್ಯಾಲ್ಯಾಕ್ರಿ?"

"ಸುಮ್ಮ ಹಿಡಿ."

ಸಣ್ಣಗೆ ಕುಂಯ್ ಅಂತು. ಕೊಳಿಯೋ ಜಾಗಾದಾಗೂ ಒಂದಿಷ್ಟು ಹುಟ್ಟತೈತಿ ಅಂದ. ಹಂಗಾರ… ಮುಂದ ಕೇಳಾಕ ಬಾಯಿ ಬರಲಿಲ್ಲ. ನನ್ನ ಮಾರಿ ನೋಡಿ ಅವನ ತಿಳಕೊಂಡ.

"ಇಲ್ರೀ ಕಾಕಾರ. ಅಷ್ಟು ಜೋರು ಬರೂದಿಲ್ಲ. ಎರಡು ವರ್ಷ ಆಗೈತಿ. ಅದು ಪೈಪಿನ ಗ್ಯಾಸ ಐತಿ."

ಐ ಆ್ಯಮ್ ಇನ್ ಫುಲ್ ಡೌಟ್. ಪೈಪಿಂದಾದರ ಆಕೀನ್ನ ಅಗೀಬೇಕು. ಪೈಪಿಂದಲ್ಲಂದರ ಅದು… ಆಕಿದು. ಯಾವುದು ಆಗಲಿ ಅಂತ ಬೇಡಿಕೊಳ್ಳಲಿ? ದೇವರ ಮುಂದ ಕುಂತು ಏನೂ ಕೇಳದ ಎದ್ದು ಬಂದೆ.

ಆಕಿ ಮೂಗು ಭಾಳ ಚುರುಕು. ಅಡಗಿಮನಿಯಾಗ ಗ್ಯಾಸ್ ಸೋರತೈತಿ ಅನ್ನಾಕಿ. ಇಲ್ಲ ಬಿಡ ಅಂತ ನಾನು. ಬಟ್ಟಲಾಗ ಸಬಕಾರ ಕಲಿಸಿ ರೆಗ್ಯುಲೇಟರಿಗೆ ಬಳೀತಿದ್ದಳು. ಗುಳ್ಳಿ ಎದ್ದಿತು ಅಂದರ ನನ್ನ ಕರದು ತೋರಸಾಕಿ. ಮಾತಾಡತಿದ್ದಿಲ್ಲ. ಬರೇ ಗುಳ್ಳಿ ಕಡೆ ಬಟ್ಟು ಮಾಡಿ ನಿಲ್ಲಾಕಿ. ಸೈನ್ಸ್ ಓದಿದಾಂವ ನಾನು!

ಏಪ್ರಿಲ್ 12, ಶನಿವಾರ

ಇವತ್ತಿಂದು ನೆಟ್ಟಗ ಬರೀಬೇಕು. ತಲಿಯಾಗ ಕಲಸಿ ಹೋಗೈತಿ.

ಮುಜೀಬಗೂ ರಾತ್ರಿ ನಿದ್ದಿ ಹತ್ತಿಲ್ಲಂತ. "ಮ್ಯಾಲ ಕೂಗಿದ್ದನ್ನ ನಂಬಿಬಿಟ್ಟೆ ರೀ. ತೂತು ಹಾಕಿ ನೋಡಬೇಕಾಗಿತ್ತು" ಅಂದ. ಪ್ರವೀಣಕುಮಾರ ಸಾಹೇಬರೂ ಡ್ರಾಯಿಂಗ್ ಹಿಡಕೊಂಡು ಅದನ್ನ ಹೇಳಾಕ ಬಂದಿದ್ದರು. ಇಬ್ಬರೂ ಕೂಡಿ ಕಬ್ಬಿಣದ ಹಾರಿ ತಗೊಂಡು ಲೈನ್ ಗುಂಟ ನೆಲಕ್ಕ ತೂತು ಹೊಡದರು. ಗರಸು ಹಾಯುವ ತನಕ. ಸಾಹೇಬರ ಅಂಗೈಯಾಗ ಬೊಕ್ಕಿ ಎದ್ದವು, ಆದರೂ ಬಿಡಲಿಲ್ಲ. ಒಂದೊಂದು ತೂತಿಗೂ ಗಂಟಿ ಹಚ್ಚಿ ಮುಜೀಬ ನೋಡಕೋತ ಹೋದ.

ಗದ್ದಿಗಿ ಮಗ್ಗಲಿನ ತೂತಿನಾಗ ಕೂಗಿತು. ಅದರ ಮುಂದಿಂದರಾಗ ಇನ್ನೂ ಜೋರು. ಬಂಡಿದಾರಿ ಕಡೆ ಹೋದಂಗ ಇನ್ನೂ ಜೋರು! ಬಂಡಿದಾರಿ ಮಗ್ಗಲಾಗ ಮಷೀನು ಅಂಕಿನ ತೋರಸವಲ್ದು, ಪರದೆ ತುಂಬ ಬರೇ ಅಡ್ಡಗೆರಿ. ಅದಕ್ಕ ಆಗೋದಕ್ಕಿಂತ ಹೆಚ್ಚ ಆತಂತ.

"ನೆಲದ ಮ್ಯಾಲ ಇಲ್ಲಿ ಏನೂ ಇದ್ದಿಲ್ಲಲ್ಲೋ?" ಅಂದೆ.

ಮುಜೀಬ ಬಂಡಿದಾರಿ ಮ್ಯಾಲ ಹಿಮ್ಮಡಿಲೆ ಕುಟ್ಟಿದ. "ಗರಸು ಮುಚ್ಚಳ ಇದ್ದಂಗ ರೀ. ಮೇಲಾಗಿ ದಿನಾ ಟ್ರ್ಯಾಕ್ಟರ್ ತುಳದು ಗಟ್ಟಿ ಆಗೈತಿ. ಗ್ಯಾಸ್ ಮ್ಯಾಲ ಬರಾಕ ಆಗದ ಕೆಳಗ ಕೆಳಗ ಸರಕೋತ ಹೋತು. ಎಲ್ಲಿ ಮಣ್ಣು ಸಡ್ಲ ಸಿಕ್ತೋ ಅಲ್ಲಿ ಎದ್ದು ಬಂತು."

ಸಡ್ಲ ಮಣ್ಣು. ಪಕೀರಪ್ಪನ ದೊಡ್ಡ ಕುಣಿ. ಹಿಡಿ ಹಿಡಿ ಕೊಟ್ಟ ಮಣ್ಣು, ಯಾರೂ ತುಳದಿಲ್ಲ. ತುಳೀತಾರೇನು?

ಖುಷಿ ಆತು. ಖುಷಿಯಾಗ ಬಾಯಿ ಸುಮ್ಮನಿರಬೇಕಲ್ಲ. "ಟಣ್ ಅಂದಿತ್ತಂತ ರೀ" ಅಂದುಬಿಟ್ಟೆ. ಹೇಳಬಾರದಾಗಿತ್ತೋ, ಹೇಳಬೇಕಾಗಿತ್ತೋ. ಎಲ್ಲಾ ಹೇಳಿದೆ. ಸಾಹೇಬರು ಹಾರಿ ಕೆಳಗಿಟ್ಟರು.

"ನಾಳೆ ಮೊದಲ ಬಂಡಿದಾರಿ ಅಗಿಯೋಣು" ಅಂದರು. "ಅಲ್ಲಿ ಸಿಗಲಿಲ್ಲಂದರ…"

ಗದ್ದಿಗಿ ಕಡೆ ನೋಡಿ ಹಾರಿ ಎತ್ತಿಕೊಂಡರು.

ಏಪ್ರಿಲ್ 13, ರವಿವಾರ

ಪಕೀರಪ್ಪ ಗಾಡಿಗೆ ಕಾಯಿ ಒಡದು ಚಾಲು ಮಾಡಿದ. ಮಹೇಶ್ವರಿ ಕುಷ್ಟಗಿಯಿಂದ ಮೊದಲನೇ ಬಸ್ಸಿಗೆ ಬಂದಿದ್ದಳು. ಹೋಗಿ ಗದ್ದಿಗಿ ಮಗ್ಗಲಾಗ ಕುಂತಳು. ಬಾರವ್ವಾ ಅಂದರ ಬರಲಿಲ್ಲ. "ಇಲ್ಲೇ ಇರತೀನಿ, ನೀವು ಅಲ್ಲಿ ಅಗೀರಿ" ಅಂದಳು.

ಗರಸು ಕಿತ್ತ ಮ್ಯಾಲ ಪೈಪ್ ಕಾಣಿಸಿತು. ಎರಡು ಪೈಪ್ ಕೂಡೋ ಜಾಗ, ಮ್ಯಾಲ ಕಬ್ಬಿಣದ ಬಳಿ. ಮುಜೀಬ ಕುಣಿಗೆ ಇಳದ. ಬಾಟ್ಲಿಯಾಗಿಂದು ನೊರಿ ಸುರುವಿದ. ಸಬಕಾರದ ನೊರಿ! ಇಷ್ಟೆಲ್ಲಾ ಮಷೀನು ತಂದು ಕಡೀಕ ಸಬಕಾರ.

ಬಳಿ ಬುಡದಾಗ ಗುಳ್ಳಿ ಎದ್ದವು. ಬುಳುಬುಳು. ಒಂದರ ಮ್ಯಾಲೊಂದು.

ಮುಜೀಬ ಮಾತಾಡಲಿಲ್ಲ. ನನ್ನ ಕಡೆ ನೋಡಿ, ಗುಳ್ಳಿ ಕಡೆ ಬಟ್ಟು ಮಾಡಿದ. ಅಷ್ಟ.

ನಾನು ಅಲ್ಲೇ ಮಣ್ಣಿನ ಗುಡ್ಡಿ ಮ್ಯಾಲ ಕುಂತೆ. ಪಕೀರಪ್ಪ ಗಾಡಿ ಇಳದು ಓಡಿ ಬಂದ. "ಟಣ್ ಅಂದದ್ದು ಕಲ್ಲ ಮಾಮಾ! ಕಲ್ಲ!" ಅಂದ.

ಕಲ್ಲ ಇರಬೇಕು.

ಒಳಗಿನ ರಬ್ಬರ್ ಬಳಿ ಸೀಳಿತ್ತು. ಹೊಸದು ಹಾಕಿ ಬಿಗದರು. ಮತ್ತ ಗ್ಯಾಸ್ ತುಂಬಿದರು. ರಾತ್ರಿಯೆಲ್ಲಾ ಹಂಗ ಬಿಡಬೇಕು. ಪ್ರೆಶರ್ ಮುಳ್ಳು ನಿಂತಲ್ಲೇ ನಿಂತರ ಪೈಪ್ ಗಟ್ಟಿ. ಇಳದರ ಇನ್ನೊಂದು ತೂತು ಐತಿ ಅಂತ ಅರ್ಥ.

ಏಪ್ರಿಲ್ 14, ಸೋಮವಾರ. ಮುಂಜಾನಿ

ಗದ್ದಿಗಿ ಮ್ಯಾಲ ಮತ್ತ ಕೂಗಿತು.

ಬಂಡಿದಾರಿ ಕಡೆ ಸುಮ್ಮನ ಐತಿ. ಇಲ್ಲಿ ಕೂಗತೈತಿ. ಮಹೇಶ್ವರಿ ಎದ್ದು ಗದ್ದಿಗಿಗೆ ಅಡ್ಡ ನಿಂತಳು. ಮುಜೀಬ ಕೈ ಮಾಡಿ "ತಡೀರವ್ವಾ, ತಡೀರಿ" ಅಂದ. ಸಾಹೇಬರು ಪಂಪ್‌ಹೌಸಿನಾಗ ಮುಳ್ಳು ನೋಡಾಕ ಹೋಗ್ಯಾರ. ಇನ್ನೂ ಬಂದಿಲ್ಲ. ಬದುವಿನ ಮ್ಯಾಲ ಕುಂತು ಬರೀಲಿಕತ್ತೀನಿ. ಏನ ಮಾಡಲಿ ಕೈಗೆ?

ಅದೇ ದಿನ, ಸಂಜಿ

ಮುಳ್ಳು ಅಳ್ಳಾಡಿಲ್ಲ. ನಿನ್ನಿ ಎಲ್ಲಿತ್ತೋ ಅಲ್ಲೇ ಐತಿ. ಪೈಪ್ ಗಟ್ಟಿ. ಅಗಿಯೋದು ಇಲ್ಲ. ಸಾಹೇಬರು ನನ್ನೆದುರಿಗೇ ಮ್ಯಾನೇಜರಿಗೆ ಫೋನ್ ಮಾಡಿ ಹೇಳಿದರು.

ಹಂಗಾರ ಕೂಗಿದ್ದು? ಮಣ್ಣಿನಾಗ ಉಳಿದ ಹಳೇ ಗ್ಯಾಸಂತ. ಸಡ್ಲ ಮಣ್ಣು ತುಂಬಿ ಕುಂತೈತಿ, ಸಾವಕಾಶ ಬಿಟ್ಟು ಹೊಕ್ಕೈತಿ ಅಂದ ಮುಜೀಬ. ಪೈಪಿಗೆ ನೀರು ಬಿಟ್ಟೆ. ಲೆಕ್ಕ ಕೂಡಿತು. ಎಷ್ಟು ಕಳಸಿದೆನೋ ಅಷ್ಟು ಮುಟ್ಟಿತು.

ಮಹೇಶ್ವರಿ ಮಧ್ಯಾಹ್ನದ ಬಸ್ಸಿಗೆ ಹೋದಳು. ಹೋಗುವಾಗ ಭಾಗ್ಯನಗರಕ್ಕ ಇಳದು ಗುಳಿಗಿ ತಗೊಂಡು, ಬರೋರ ಕೈಯಾಗ ಕೊಟ್ಟು ಕಳಸ್ಯಾಳ.

ಏಪ್ರಿಲ್ 15, ಮಂಗಳವಾರ

ಮುಜೀಬಗ ಈಗ ಫ್ಯಾಕ್ಟರಿ ಒಳಗಿನ ಪೈಪಿನ ಕೆಲಸ. ಮುಂಜಾನಿ ದಾರ್ಯಾಗ ಹಿಡದು ನಿಲ್ಲಿಸಿದೆ. "ಒಂದೀಟ ನೋಡಿ ಹೋಗಪಾ."

ಕೂಗಿತು. ನಿನ್ನೆಗಿಂತ ಸಣ್ಣಗೆ. "ಛಲೋ ಆತ್ರಿ, ಕಡಿಮಿ ಆಗಲಿಕತ್ತೈತಿ" ಅಂದ. ಹೌದು, ಛಲೋ ಆತು.

ಛಲೋ ಆತಲ್ಲ… ಮನಸಿಗೆ ಯಾಕ ಹಂಗ ಅನಸವಲ್ದು? ಸೋಮವಾರ ಅದು ಕೂಗಬಾರದು ಅಂತ ರವಿವಾರ ರಾತ್ರಿ ಹರಕಿ ಹೊತ್ತಾಂವ ನಾನ. ಎರಡು ವರ್ಷದಾಗ ಆ ಜಾಗ ಏನೂ ಅಂದಿದ್ದಿಲ್ಲ. ಹೂವು ಇಟ್ಟೆ, ಎಡಿ ಇಟ್ಟೆ, ಮಗಳ ಸುದ್ದಿ ಹೇಳಿದೆ. ಹಾಂ ಹೂಂ ಏನಿಲ್ಲ. ಈಗ ನಾಕು ದಿನ ಏನೋ ಒಂದು ಅಂತಿತ್ತು. ಪೈಪಿನ ಗ್ಯಾಸು. ಗೊತ್ತೈತಿ. ಸೈನ್ಸ್ ಗೊತ್ತೈತಿ ನನಗ. ಗೊತ್ತಿದ್ದೂ ಹಿಂಗ್ಯಾಕ?

ಏಪ್ರಿಲ್ 16, ಬುಧವಾರ

ಕಿವಿ ಹಚ್ಚಿ ಕೇಳಿದರ ಅಷ್ಟ ಕೇಳಸ್ತು.

ಏಪ್ರಿಲ್ 18, ಶುಕ್ರವಾರ

ಮುಜೀಬನ ಕೆಲಸ ಮುಗೀತು. ಪೆಟ್ಟಿಗಿ ಕಟ್ಟಿಕೊಂಡು ಹೇಳಿ ಹೋಗಾಕ ಬಂದ. ಊಟ ಮಾಡಿಸಿದೆ. ಮತ್ತ ಮಡಕಿಕಾಳ ಪಲ್ಯ, ನನಗ ಬರೋದು ಅದೊಂದ. ಉಪ್ಪು ಈ ಸಲ ಕಡಿಮಿ ಆಗಿತ್ತು, ಅಂವ ಇನ್ನೊಮ್ಮೆ ಬಡಿಸಿಕೊಂಡ.

ಬನ್ನಿ ಗಿಡದ ತನಕ ಕರಕೊಂಡು ಹೋದೆ. ಕೇಳೋ ಮೊದಲ ತಾನ ಪೆಟ್ಟಿಗಿ ಬಿಚ್ಚಿದ. ಚಪ್ಪಲಿ ಬಿಟ್ಟ. ಗಂಟಿ ಮಣ್ಣಿಗೆ ಹಚ್ಚಿದ. ನಿಂತಿವಿ.

"ಜೀರೋ ರೀ ಕಾಕಾರ."

"ಇನ್ನೊಮ್ಮೆ?"

ಇನ್ನೊಮ್ಮೆ ಹಚ್ಚಿದ. ಆ ಕಡೆ, ಈ ಕಡೆ, ಕಲ್ಲಿನ ಬುಡಕ್ಕ. ಜೀರೋ.

"ಖಾಲಿ ಆತ್ರಿ ಎಲ್ಲಾ. ಇನ್ನ ಯಾರೂ ಇಲ್ಲಿ ಅಗಿಯೂದಿಲ್ಲ" ಅಂದ. ಕೋಲು ನನ್ನ ಕೈಯಾಗ ಕೊಟ್ಟು, ಪೆಟ್ಟಿಗಿ ಜೋಡಸಾಕ ಆ ಕಡೆ ತಿರುಗಿದ.

ನಾನು ಗದ್ದಿಗಿ ಮಗ್ಗಲಾಗ ಕುಂತೆ. ಗಂಟಿ ಹಗುರಕ ಬಾಯಿ ಹತ್ರ ತಂದೆ. ಉಸುರು ಬಿಟ್ಟೆ.

ಕುಂಯ್ ಅಂತು.

ಮುಜೀಬ ಗಪ್ಪನ ತಿರುಗಿದ. "ಬಂತೇನ್ರಿ?"

"ಇಲ್ಲೋ. ಅದು ನಂದು" ಅಂದೆ.

ಅವ ನಗತಾನ ಅಂತ ತಿಳಕೊಂಡಿದ್ದೆ. ನಗಲಿಲ್ಲ. ಕೋಲು ಇಸಗೊಳ್ಳಾಕ ಕೈ ಚಾಚಿದಾಂವ ಹಿಂದಕ್ಕ ತಗೊಂಡ. "ಅವಸರ ಇಲ್ರೀ, ಗಂಗಾವತಿ ಬಸ್ಸಿಗೆ ಇನ್ನ ಹೊತ್ತೈತಿ" ಅಂತ ಬದುವಿನ ಮ್ಯಾಲ ಹೋಗಿ ಕುಂತ. ನಾನು ಇನ್ನೊಮ್ಮೆ ಗಂಟಿ ಎತ್ತಿದೆ. ಈ ಸಲ ಬಾಯಿಗಲ್ಲ, ಮಣ್ಣಿಗೂ ಅಲ್ಲ, ನಡುವ ಹಿಡದೆ. ಮಗಳು ಗುಳಿಗಿ ಕಳಸಿದ ಸುದ್ದಿ ಆಕಿಗೆ ಹೇಳಿದೆ, ಮಾತಿಗೊಮ್ಮೆ ಅದು ಕುಂಯ್ ಅಂತು.